ಬಾದಾಮಿ ಬಿಸ್ಕತ್ತಿನ ಪ್ರವಚನ

ಮೊನ್ನೆ ಹ್ಯೂಸ್ಟನ್ನಿನ ನಮ್ಮ ಆಫೀಸಿನಲ್ಲಿ ಯಾರೋ ಒಂದು ಡಬ್ಬ ತೆರೆದರು. ಹುರಿದ ಬಾದಾಮಿಯ ವಾಸನೆ ಬಂದದ್ದೇ ತಡ, ಮೂರ್ತಿ ಅಂಕಲ್ಲರ ದನಿ ನನ್ನ ಗಂಟಲಿಗೆ ಬಂದು ನಿಂತಿತು. ಡಲ್ಲಾಸ್ ಪಕ್ಕದ ಪ್ಲೇನೋದ ಮೂರ್ತಿ ಅಂಕಲ್ಲರನ್ನು ನೀವು ನೋಡಿಲ್ಲ, ಪುಣ್ಯವಂತರು.

ಆಗ ನಾನು ಆಸ್ಟಿನ್ನಿನಲ್ಲಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅಪ್ಪನಿಗೆ ಹೇಳಿದ ಮಾತು. ನನಗೆ ಬರುತ್ತಿದ್ದ ವಿದ್ಯೆ ಕಂಡವರನ್ನು ಅಣಕಿಸುವುದೊಂದೇ. ಶನಿವಾರ ಗೆಳೆಯರ ಕಾರಿನಲ್ಲಿ ತುರುಕಿಕೊಂಡು ಡಲ್ಲಾಸ್ ಕಡೆ ಹೊರಡುತ್ತಿದ್ದುದು ಅಂಕಲ್ಲರ ಹೆಂಡತಿ ಶಾರದಾ ಆಂಟಿಯ ಕೋಡುಬಳೆಗಾಗಿ. ಒಂದು ಸಲ ಹೋದರೆ ಕೋಡುಬಳೆ ನಾಪತ್ತೆ. ತಟ್ಟೆಯಲ್ಲಿ ಇಟಲಿಯ ಬಾದಾಮಿ ಬಿಸ್ಕತ್ತು: ಎರಡೆರಡು ಸಲ ಬೇಯಿಸಿ, ಓರೆಯಾಗಿ ಕೊಯ್ದು, ನಮ್ಮ ಬೇಕರಿ ರಸ್ಕಿಗೆ ಸೂಟು ಹೊಲಿಸಿದಂಥದ್ದು.

"ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ಬಾದಾಮೀಲಿ ಪ್ರೋಟೀನ್ ಇದೆ, ಫೈಬರ್ ಇದೆ, ವಿಟಮಿನ್ ಇ ಇದೆ. ಇನ್ಮೇಲೆ ಈ ಮನೇಲಿ ಕರಿಯೋದು ಬಂದ್!" ಎಂದರು ಅಂಕಲ್.

ಮೈದಾ, ಸಕ್ಕರೆಯ ಸುದ್ದಿ ಎತ್ತಲಿಲ್ಲ. ಬಾದಾಮಿಯೋ, ಮದುವೆಮನೆ ಪಾಯಸದ ದ್ರಾಕ್ಷಿಯಷ್ಟು ವಿರಳ. ಅದಕ್ಕೆ ಹಾಕಿದ ಮೊಟ್ಟೆಯ ಪ್ರಸ್ತಾಪ ಬಂದರೆ ಸಸ್ಯಾಹಾರಿ ಅಂಕಲ್ಲರಿಗೆ ತಕ್ಷಣ ಕನ್ನಡಕ ಒರೆಸುವ ಕೆಲಸ ಬೀಳುತ್ತಿತ್ತು. ಕಾಫಿಯಲ್ಲಿ ಅದ್ದಲೂ ಬಿಡುತ್ತಿರಲಿಲ್ಲ. ಸತ್ವವೆಲ್ಲ ಕಾಫಿಗೆ ಇಳಿದುಹೋಗುತ್ತದಂತೆ. ಆ ಕಾಫಿ ಕುಡಿಯುವವನು ಬೇರೆ ಯಾವನೋ?

ಬಾಣಲೆ ಗ್ಯಾರೇಜು ಸೇರಿತು. ಒಲೆಯ ಮುಂದೆ ನಿಂತು ನಮ್ಮನ್ನೆಲ್ಲ ಗದರುತ್ತ, ಊರ ಸುದ್ದಿ ಹೇಳುತ್ತ ಆ ಮನೆಯನ್ನೇ ಆಳುತ್ತಿದ್ದ ಆಂಟಿ, ಈಗ ತಟ್ಟೆ ಇಟ್ಟು ಸೋಫಾದ ತುದಿಯಲ್ಲಿ ಅತಿಥಿಯಂತೆ ಕೂರತೊಡಗಿದರು.

ಒಂದು ಸಂಜೆ ಅಂಕಲ್ ಫೋನ್ ಹಿಡಿದು ಹೊರಗೆ ಹೋದರು. ನಾನು ಬಿಸ್ಕತ್ತು ಎತ್ತಿ ಹಿಡಿದು ಅವರ ಪ್ರವಚನ ಶುರುಮಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಂಟಿ ನಗಲಿಲ್ಲ.

"ಹಾಗಲ್ವೋ ಕೋತಿ, ಕೊಡಿಲ್ಲಿ," ಎಂದು ಬಿಸ್ಕತ್ತು ಕಸಿದುಕೊಂಡರು. ಹೊಟ್ಟೆ ಮುಂದೆ ತಳ್ಳಿ, ತೋರುಬೆರಳು ಆಡಿಸುತ್ತ, ಅಂಕಲ್ಲರದೇ ದನಿಯಲ್ಲಿ, "ಶಾರದಾ, ನಿಂಗೇನೂ ಗೊತ್ತಾಗಲ್ಲ, ಸುಮ್ನಿರು," ಎಂದರು.

ಅಷ್ಟೇ. ಪ್ರೋಟೀನಿಲ್ಲ, ಫೈಬರಿಲ್ಲ. ನಮ್ಮ ನಗು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿ ಅಂಕಲ್ ನಿಂತಿದ್ದರು.

"ನಾನು ಹಾಗಾ ಮಾತಾಡೋದು?"

"ಮದುವೆ ಆದಾಗಿಂದ," ಎಂದ ಆಂಟಿ, ಬಿಸ್ಕತ್ತನ್ನು ಅವರ ಕೈಗೆ ಕೊಟ್ಟು ಗ್ಯಾರೇಜಿನ ಕಡೆ ನಡೆದರು.

ಆವತ್ತು ಕೋಡುಬಳೆ ತಿಂದೆವು. ಅಂಕಲ್ಲೂ ತಿಂದರು, ಯಾವ ವಿಟಮಿನ್ನಿನ ಹೆಸರನ್ನೂ ಎತ್ತದೆ.

ಮೊನ್ನೆ, ನನ್ನ ಅಣಕದ ಸುದ್ದಿ ಕೇಳಿದ್ದ ಆಫೀಸಿನ ಗೆಳೆಯ, "ಮಗಾ, ಆ ಪ್ಲೇನೋ ಅಂಕಲ್ ತರ ಮಾಡೋ," ಎಂದು ಬಿಸ್ಕತ್ತು ಮುಂದೆ ಹಿಡಿದ. ಬಾಯಿ ತೆರೆದೆ. ಪ್ರೋಟೀನಿನ ಭಾಗ ನನಗೆ ಇಂದಿಗೂ ಬಾಯಿಪಾಠ. ನಾಲಿಗೆಯ ತುದಿಗೆ ಬಂದದ್ದು ಮಾತ್ರ ಆಂಟಿ ಹೇಳಿದ ಆ ಒಂದು ಸಾಲು.

"ನಂಗೆ ಬರಲ್ಲ ಬಿಡೋ," ಎಂದೆ. ಅಣಕದ ವಿಷಯದಲ್ಲಿ ನಾನು ಹಾಗೆಂದದ್ದು ಅದೇ ಮೊದಲು.