ನುಂಗಿದ ನಡುಹೆಸರು

ಕಲಾವತಿ ಗಿರಿಧರ ಹಂಚಿನಮನಿ. ವಯಸ್ಸು ನಲವತ್ತೇಳು. ಹುಟ್ಟೂರು ಗದಗ, ಇಪ್ಪತ್ತಮೂರು ವರ್ಷಗಳಿಂದ ವಾಸ ನಾಗಪುರದ ಮನೀಶ್ ನಗರದಲ್ಲಿ. ಗಂಡ ಗಿರಿಧರ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಬ್ಬಳೇ ಮಗಳು ಯಶಸ್ವಿನಿ, ಇಪ್ಪತ್ತೆರಡರವಳು, ನಿಶ್ಚಿತಾರ್ಥವಾದವಳು. ಕಲಾವತಿ ಸೀತಾಬರ್ಡಿಯ ಅಂಗಡಿಗಳಿಂದ ಸೀರೆ ತಂದು, ಮನೆಯಲ್ಲೇ ಫಾಲ್ ಹಚ್ಚಿ ಕೊಡುತ್ತಿದ್ದಳು.

ಹೆಂಗಸರ ಸಂಜೆಶಾಲೆಯ ಹತ್ತನೆಯ ತರಗತಿಯಲ್ಲಿ ಅವಳೂ ನಾನೂ ಒಂದೇ ಬೆಂಚಿನವರು. ಹಾಜರಿ ಕೂಗಿದಾಗ ಈ ಊರಿನ ರಿವಾಜಿನಂತೆ ಪೂರ್ತಿ ಹೆಸರು ಹೇಳಬೇಕು: ತನ್ನದು, ಗಂಡನದು, ಮನೆತನದ್ದು. ಕಲಾವತಿ ಮೊದಲಿನದನ್ನೂ ಕೊನೆಯದನ್ನೂ ಹೇಳಿ ನಡುವಿನದನ್ನು ನುಂಗುತ್ತಿದ್ದಳು. ಗಂಡನ ಹೆಸರು ಹೆಂಡತಿಯ ಬಾಯಿಗೆ ಬಂದರೆ ಅವನ ಆಯುಷ್ಯ ಸವೆಯುತ್ತದೆಂದು ತಾಯಿ ಕಲಿಸಿದ್ದಳಂತೆ. ಮನೆಯಲ್ಲಿ ಅವನನ್ನು ಕರೆಯಲು ಅವಳಿಗಿದ್ದದ್ದು ‘ರೀ’ ಎಂಬ ಒಂದೇ ಅಕ್ಷರ. ಅದು ಅವಳ ಮರಾಠಿಗೂ ಅಂಟಿಕೊಂಡಿತ್ತು. ಮರಾಠಿಯಲ್ಲಿ ಹೌದೆನ್ನಲು ‘ಹೋ’ ಸಾಕು. ಕಲಾವತಿ ‘ಹೋ ರೀ’ ಎನ್ನುವಳು. ತರಗತಿ ನಗುತ್ತಿತ್ತು. ತುಟಿ ಒಡೆಯದ ದಿನಗಳಲ್ಲಿ ಅವಳೂ ನಗುತ್ತಿದ್ದಳು.

ತುಟಿ ಒಡೆಯುವುದಕ್ಕೆ ಪ್ರತಿಸಲ ಒಂದು ಹೊಸ ನೆಪ ಇರುತ್ತಿತ್ತು: ಸಾರಿಗೆ ಉಪ್ಪು, ಸೀರೆ ಅಂಗಡಿಯವನ ಫೋನು, ಶಾಲೆಯ ಪುಸ್ತಕ. ಮೂಲ ಮಾತ್ರ ಒಂದೇ. ಅವಳು ಒಲ್ಲೆ ಎಂದ ದಿನ ಗಿರಿಧರ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದ. ಅವಳ ಕಣ್ಣು ಕತ್ತಲೆಗಟ್ಟಿದ ಮೇಲೆ ತನಗೆ ಬೇಕಾದದ್ದನ್ನು ಕಸಿದುಕೊಳ್ಳುತ್ತಿದ್ದ. ಆ ಕಸಿಯುವಿಕೆಗೆ ನಮ್ಮ ಮನೆಗಳಲ್ಲಿ ಹೆಸರೇ ಇಲ್ಲ. ಗೋಡೆಯಾಚೆಯ ರಾಗಿಣಿ ಎಂಬ ಮರಾಠಿ ಹೆಂಗಸು ಸದ್ದು ಶುರುವಾದೊಡನೆ ಟಿವಿಯ ಧ್ವನಿ ಏರಿಸುತ್ತಿದ್ದಳು. ಕೇಳಿಸಿದ್ದನ್ನು ಕೇಳಿಸಿತೆಂದು ತೋರಗೊಡದಿರುವುದೇ ಅವಳ ಪಾಲಿಗೆ ಮರ್ಯಾದೆಯಾಗಿತ್ತು.

ಕಳೆದ ವರ್ಷ ಊರಿನ ಮರಾಠಿ ವಾಹಿನಿಯೊಂದರ ನಿರೂಪಕಿ ಮೃದುಲಾ ನಮ್ಮ ಸಂಜೆಶಾಲೆಗೆ ಬಂದಳು. ದಾಂಪತ್ಯದೊಳಗಿನ ಬಲಾತ್ಕಾರದ ಕುರಿತು ಚರ್ಚೆ ನಡೆಸಲಿದ್ದೇವೆ, ಅನುಭವಿಸಿದವರು ಬೇಕು, ಮುಖ ಮಬ್ಬುಗೊಳಿಸಿ ಧ್ವನಿ ಬದಲಿಸುತ್ತೇವೆ ಎಂದಳು. ನಲವತ್ತು ಹೆಂಗಸರಿದ್ದ ಕೋಣೆಯಲ್ಲಿ ಎದ್ದ ಕೈ ಒಂದೇ, ನನ್ನ ಪಕ್ಕದ್ದು.

ಆ ಚರ್ಚೆಯಲ್ಲಿ ಮೂವರು ಗಂಡಸರು ಇಪ್ಪತ್ತೆಂಟು ನಿಮಿಷ ಮಾತನಾಡಿದರು. ವಿಷಯ: ಇಂಥ ವಿಷಯ ಮಾತನಾಡಬಹುದೇ. ಮಕ್ಕಳು ನೋಡುವ ಹೊತ್ತಿನಲ್ಲಿ ಮಲಗುವ ಕೋಣೆಯ ಬಾಗಿಲು ತೆರೆಯಬೇಡಿ ಎಂದು ಒಬ್ಬರು ಕೈಮುಗಿದರು. ಕಲಾವತಿಗೆ ಸಿಕ್ಕಿದ್ದು ಎರಡು ನಿಮಿಷ. ಇಷ್ಟವಿಲ್ಲದಾಗ ಗಂಡ ಮೈಮೇಲೆ ಬಿದ್ದದ್ದುಂಟೇ ಎಂದು ಮೃದುಲಾ ಕೇಳಿದಳು. “ಹೋ ರೀ.” ಗಾಯಗಳಾದದ್ದುಂಟೇ? “ಹೋ ರೀ.”

ಅರ್ಧ ಮುಚ್ಚಿದ ಚರ್ಚೆ ಚರ್ಚೆಯೇ ಇಲ್ಲದಿರುವುದಕ್ಕಿಂತ ಅಪಾಯಕರ. ಇದು ನನ್ನ ಊಹೆಯಲ್ಲ, ಅದು ಪ್ರಸಾರವಾದ ಸಂಜೆ ನಡೆದದ್ದೇ ಸಾಕ್ಷಿ.

ಬುಟಿಬೋರಿಯ ಕ್ಯಾಂಟೀನಿನ ಟಿವಿಯಲ್ಲಿ ಮುಖವೊಂದು ಬೂದಿಬಣ್ಣದ ಕಲೆಯಾಗಿ ಕಾಣಿಸಿತು. ಧ್ವನಿ ಬಾವಿಯೊಳಗಿನಿಂದ ಬಂದಂತಿತ್ತು. ಗಿರಿಧರ ಊಟ ಮಾಡುತ್ತಿದ್ದ. ಎದುರಿಗೆ ಕುಳಿತವನು ಸುಬ್ಬಣ್ಣ, ಜೊತೆ ಕೆಲಸಗಾರ, ಇಲ್ಲಿನ ಕನ್ನಡಿಗರ ಪಂಚಾಯಿತಿಗೆಲ್ಲ ಹಿರಿಯ. ಅವನು ನಕ್ಕ.

“ಮಾರಿ ಮುಚ್ಯಾರ, ‘ರೀ’ ಮುಚ್ಚೋದು ಮರತಾರ. ನಮ್ಮ ಕಡಿಯಾಕಿನ ಇದಾಳ ನೋಡಪಾ ಗಿರಿಧರ. ಯಾವ ಗಂಡಸಿನ ಮನಿಯಾಕಿ ಇರಬೇಕು?”

ಗಿರಿಧರ ಡಬ್ಬಿ ಮುಚ್ಚಿ, ಬಸ್ಸು ಹತ್ತಿದ.

ಅವನು ಮನೆಗೆ ಬಂದಾಗ ಕಲಾವತಿ ಹೊಲಿಗೆಯಂತ್ರದ ಮುಂದಿದ್ದಳು. ಅವನು ಬೈಯಲಿಲ್ಲ. ಅವಳ ಬಲಗೈಯನ್ನು ಹಿಡಿದು ತೋರುಬೆರಳನ್ನು ಸೂಜಿಯ ಕೆಳಗೆ ಒತ್ತಿ, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದ. ಸೂಜಿ ಉಗುರನ್ನು ಸೀಳಿ ಕೆಳಗಿಳಿಯಿತು.

“ಊರ ಮುಂದ ಅಂದಿಯಲ್ಲ, ನನ್ನ ಮುಂದ ಅನ್ನು. ಹೋ ರೀ ಅನ್ನು.”

ಅವಳು ಚೀರುತ್ತಲೇ ಅಂದಳು. ಅವನು ಚಕ್ರವನ್ನು ಮತ್ತೊಮ್ಮೆ ತಿರುಗಿಸಿದ. ಸೂಜಿ ಎಲುಬಿಗೆ ತಾಗಿ ಒಳಗೇ ಮುರಿಯಿತು. ಗೋಡೆಯಾಚೆ ಟಿವಿಯ ಧ್ವನಿ ಏರಿತು. ಅಲ್ಲಿ ಬರುತ್ತಿದ್ದದ್ದು ಅದೇ ಚರ್ಚೆಯ ಮರುಪ್ರಸಾರ. ಒಂದು ‘ಹೋ ರೀ’ ಟಿವಿಯಿಂದಲೂ ಇನ್ನೊಂದು ಗೋಡೆಯಿಂದಲೂ ರಾಗಿಣಿಯ ಕಿವಿಗೆ ಬಿದ್ದವು. ಅವಳು ಟಿವಿ ಆರಿಸಿದಳು, ಆದರೆ ಅಂದು ಹೊರಗೆ ಬರಲಿಲ್ಲ. ಇದನ್ನು ಅವಳೇ ಮುಂದೆ ನನಗೆ ತಲೆತಗ್ಗಿಸಿ ಹೇಳಿದಳು.

ಆ ‘ಹೋ ರೀ’ ಯಾರದೆಂಬುದು ಅಷ್ಟರಲ್ಲಿ ಇಲ್ಲಿನ ಕನ್ನಡಿಗರಲ್ಲೆಲ್ಲ ಹಬ್ಬಿತ್ತು. ಮೂರನೆಯ ದಿನ ಸುಬ್ಬಣ್ಣ ಒಂದು ಕಾಗದ ಹಿಡಿದು ಬಂದ. ‘ಟಿವಿಯಲ್ಲಿ ಬಂದ ಹೆಂಗಸು ನಾನಲ್ಲ’ ಎಂದು ಅದರಲ್ಲಿ ಕಲಾವತಿಯ ಹೆಸರಿನಲ್ಲಿ ಬರೆದಿತ್ತು. ಸಹಿ ಬೀಳದಿದ್ದರೆ ಯಶಸ್ವಿನಿಯ ಸಂಬಂಧ ಮುರಿಯುತ್ತದೆಂದು ಬೀಗರು ಹೇಳಿಕಳಿಸಿದ್ದರು. ಮಗಳು ಅಮ್ಮನ ಮಂಡಿ ಹಿಡಿದಳು.

“ಆಯಿ, ಸಹಿ ಮಾಡ್ ನಾ. ಮಾರಿ ಕಾಣಿಸೇ ಇಲ್ಲ, ನೀ ಅಲ್ಲ ಅಂದ್ರ ಎಲ್ಲಾ ಬರೋಬರ್ ಆಗ್ತದ.”

“ಸಹಿ ಮಾಡೋ ಬೆರಳಿಗೆ ಸೂಜಿ ಹೊಡದಾರ್ರಿ, ಸುಬ್ಬಣ್ಣಾರ,” ಎಂದು ಕಲಾವತಿ ಪಟ್ಟಿ ಕಟ್ಟಿದ ಕೈಯನ್ನು ತೋರಿಸಿದಳು.

ಸುಬ್ಬಣ್ಣ ಜೇಬಿನಿಂದ ಶಾಯಿಯ ಡಬ್ಬಿ ತೆಗೆದ. “ಹೆಬ್ಬೆಟ್ಟು ಒತ್ತು ತಂಗಿ. ಕ್ವಾಣ್ಯಾಗಿನ ಮಾತು ಕ್ವಾಣ್ಯಾಗ ಇರಲಿ.”

“ಹೆಬ್ಬೆಟ್ಟು ಒತ್ತಬಾರದಂತನ ಸಂಜಿಸಾಲಿ ಮೆಟ್ಟಲಾ ಹತ್ತೀನ್ರಿ.”

ಸುಬ್ಬಣ್ಣ ಹೊಸ್ತಿಲು ದಾಟುವ ಮೊದಲೇ, ಮೂಲೆಯಲ್ಲಿ ನಿಂತಿದ್ದ ಗಿರಿಧರ ಅವಳ ಪಕ್ಕೆಗೆ ಒದ್ದ. ಒಂದು ಎಲುಬು ಬಿರುಕು ಬಿಟ್ಟಿತು. ಸುಬ್ಬಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ಪಕ್ಕೆಗೆ ಬಟ್ಟೆ ಬಿಗಿದುಕೊಂಡು ಕಲಾವತಿ ಆ ಮನೆ ಬಿಟ್ಟು ನನ್ನ ಮನೆಗೆ ಬಂದಳು, ಅಲ್ಲಿಂದ ನನ್ನೊಡನೆ ವಾಹಿನಿಯ ಕಚೇರಿಗೆ ಬಂದಳು. ಮುಖ ಮುಚ್ಚದೆ, ನೇರ ಪ್ರಸಾರದಲ್ಲಿ ಕೂರಿಸಿ ಎಂದು ಕೇಳಿದಳು. ಮೃದುಲಾ ಹಿಂಜರಿದಳು: ನಿಮ್ಮ ಜೀವಕ್ಕೆ ಅಪಾಯ, ಮೇಲಿನವರು ಒಪ್ಪಲಾರರು. ಕಲಾವತಿಯ ಉತ್ತರ ಸಣ್ಣದಿತ್ತು. ಮುಚ್ಚಿದ ಮುಖ ತನ್ನನ್ನು ಕಾಯಲಿಲ್ಲ, ಗಂಡನನ್ನು ಕಾಯಿತು. ಮಬ್ಬಾದ ಮುಖವನ್ನು ನೋಡಿ ಯಾವ ಹೆಂಗಸು ನೆರವಿಗೆಂದು ಯಾರ ಬಾಗಿಲು ತಟ್ಟಿಯಾಳು? ಎರಡು ದಿನದ ಬಳಿಕ ಮೇಲಿನವರು ಒಪ್ಪಿದರು.

ನೇರ ಪ್ರಸಾರ ಶುರುವಾಗಿ ಮೃದುಲಾ ಪೂರ್ತಿ ಹೆಸರು ಕೇಳಿದಳು. ಗಾಜಿನಾಚೆ ನಿಂತಿದ್ದ ನನಗೆ ಹಾಜರಿಯ ಹೊತ್ತು ನೆನಪಾಯಿತು.

“ಕಲಾವತಿ,” ಎಂದಳು. ಉಗುಳು ನುಂಗಿದಳು. “ಗಿರಿಧರ. ಹಂಚಿನಮನಿ.”

ಆಮೇಲೆ ಬೆರಳಿನ ಪಟ್ಟಿ ಬಿಚ್ಚಿ, ಕಪ್ಪಾದ ಉಗುರನ್ನು ಕ್ಯಾಮರಾದ ಎದುರು ಹಿಡಿದಳು. ಒಲ್ಲೆ ಎಂಬ ಮಾತಿಗೆ ದಾಂಪತ್ಯದಲ್ಲಿ ಏನು ಬೆಲೆ ಎಂದು ಅಂದು ಐವತ್ತು ನಿಮಿಷ ಮಾತು ನಡೆಯಿತು. ಹನ್ನೊಂದು ಹೆಂಗಸರು ಫೋನು ಮಾಡಿದರು. ಹತ್ತು ಮಂದಿ ಹೆಸರು ಹೇಳಲಿಲ್ಲ. ಒಬ್ಬಳು ಪೂರ್ತಿ ಹೇಳಿದಳು.

ಬಟ್ಟೆ, ಪುಸ್ತಕ ತರಲೆಂದು ನಾವಿಬ್ಬರೂ ಅವಳ ಮನೆಗೆ ಹೋದೆವು. ಗಿರಿಧರ ಕಬ್ಬಿಣದ ಸರಳು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮೊದಲ ಏಟು ಅವಳ ದವಡೆಗೆ; ಎರಡು ಹಲ್ಲು ಮೆಟ್ಟಿಲಿಗೆ ಉದುರಿದವು. ಎರಡನೆಯದನ್ನು ತಡೆಯಲು ಹೋದ ನನ್ನ ಮೊಣಕೈಯಲ್ಲಿ ಇಂದಿಗೂ ಎಲುಬು ಕೂಡಿಸಿದ ತಂತಿಯಿದೆ. ಮೂರನೆಯದಕ್ಕೆ ಅವನು ಕೈಯೆತ್ತಿದಾಗ ಪಕ್ಕದ ಮನೆಯ ಟಿವಿ ಥಟ್ಟನೆ ನಿಂತಿತು. ರಾಗಿಣಿ ಲಟ್ಟಣಿಗೆ ಹಿಡಿದು ಹೊರಬಂದು ಅವನ ಮಣಿಕಟ್ಟಿಗೆ ಬಾರಿಸಿದಳು. ಎಲುಬು ಮುರಿದದ್ದು ಕೇಳಿಸಿತು. ಸರಳು ಬಿತ್ತು. ಮೇಲಿನ ಮಹಡಿಯ ಗಂಡಸರು ಇಳಿದು ಬಂದು ಅವನನ್ನು ನೆಲಕ್ಕೆ ಕೆಡವಿ ಹಿಡಿದರು.

ಇದು ಮನೆಯ ಮಾತು ಎಂದು ಅವನು ಪೊಲೀಸರಿಗೆ ಹೇಳಿದ. ಟಿವಿಯಲ್ಲಿ ಊರೇ ನೋಡಿದ್ದು ಮನೆಯ ಮಾತು ಹೇಗಾದೀತು ಎಂದು ರಾಗಿಣಿ ಕೇಳಿದಳು, ಮತ್ತು ಸಾಕ್ಷಿಯ ಕಾಗದಕ್ಕೆ ತನ್ನ ಪೂರ್ತಿ ಹೆಸರು ಬರೆದಳು.

ಕಲಾವತಿ ಬದುಕಿದ್ದಾಳೆ. ನನ್ನ ಮನೆಯ ಹೊರಕೋಣೆಯಲ್ಲಿ ಎಡಗೈಯಿಂದ ಹೊಲಿಯಲು ಕಲಿಯುತ್ತಿದ್ದಾಳೆ. ಆ ಮನೆಯಲ್ಲಿ ಅವಳು ಬಿಟ್ಟು ಬಂದದ್ದು ಇಷ್ಟು:

ಒಂದು ಹೊಲಿಗೆಯಂತ್ರ, ಸೂಜಿಯಿಲ್ಲದ್ದು.

ಫಾಲ್ ಅರ್ಧ ಹಚ್ಚಿದ ಹಸಿರು ಸೀರೆ, ಗಿರಾಕಿಯದು, ರಕ್ತದ ಕಲೆಯಾದದ್ದು.

ಸುಬ್ಬಣ್ಣ ಮರೆತು ಹೋದ ಶಾಯಿಯ ಡಬ್ಬಿ.

ತಾಳಿ, ದೇವರ ಮಾಡದಲ್ಲಿ.

ಎರಡು ಹಲ್ಲು.

ಮಗಳು ಯಶಸ್ವಿನಿ, ಸಂಬಂಧ ಮುರಿದವಳು, ಅಮ್ಮನ ಫೋನು ಇನ್ನೂ ಎತ್ತದವಳು.