ಏಕಾದಶಿಯ ಅಂಬಲಿ

ಇವತ್ತು ವೈಕುಂಠ ಏಕಾದಶಿ. ಬೆಳಿಗ್ಗೆ ಅಮ್ಮನಿಗೆಂದು ರಾಗಿ ಅಂಬಲಿ ಕಾಯಿಸಿ, ಚಿಟಿಕೆ ಒಣಶುಂಠಿ ಪುಡಿ ಉದುರಿಸಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಲಸೂರಿನ ಗ್ರಂಥಿಗೆ ಅಂಗಡಿಯ ಯಜಮಾನರು ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಮದ್ದಿನ ಬೇರು-ನಾರು ಮಾರುವ ಅವರ ಅಂಗಡಿಯಲ್ಲಿ ಒಂದು ಹಿಡಿ ಹಿಪ್ಪಲಿ ಕೇಳಿದರೂ ಉಪದೇಶ ತಪ್ಪುತ್ತಿರಲಿಲ್ಲ. ಉಪವಾಸದ ಹೆಸರಲ್ಲಿ ಸಬ್ಬಕ್ಕಿ ವಡೆ, ಅವಲಕ್ಕಿ, ಮೇಲೆ ಅರ್ಧ ಡಜನ್ ಬಾಳೆಹಣ್ಣು ಬಾರಿಸುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಇದಕ್ಕಿಂತ ಮುದ್ದೆ ಊಟಾನೇ ಹಗುರ ಕಣ್ರೀ!" ಹಿಂದೆ ನಿಂತವರು "ಸೀಕ್ರಂ ಕುಡುಂಗಯ್ಯಾ" ಎಂದು ತಮಿಳಿನಲ್ಲಿ ಅವಸರಪಡಿಸಿದರೂ ಅವರ ಪ್ರವಚನ ನಿಲ್ಲುತ್ತಿರಲಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದಮೇಲೂ ಏಕಾದಶಿಗೆ ನೀರೂ ಮುಟ್ಟದ ಹಟ. ಡಾಕ್ಟರ ಮಾತು ಕೇಳದವಳು ಒಂದು ವರ್ಷ ದೇವಸ್ಥಾನದ ಸಾಲಿನಲ್ಲೇ ತಲೆ ಸುತ್ತಿ ಬಿದ್ದಳು. ಮರುವರ್ಷ ನಾನು ಸೋತು, ಕಗ್ಗದಾಸಪುರದಿಂದ ಆಟೋ ಹತ್ತಿಸಿ ಅವಳನ್ನು ಯಜಮಾನರ ಮುಂದೆ ನಿಲ್ಲಿಸಿದೆ.

"ಮಳೆಗಾಲದಲ್ಲಿ ಅಗ್ನಿ ಮಂದ ಕಣಮ್ಮ, ಹೊಟ್ಟೆ ಖಾಲಿ ಬಿಟ್ರೆ ಒಳ್ಳೇದೇ. ಈ ಚಳೀಲಿ ಅದು ಧಗಧಗ ಅಂತಿರುತ್ತೆ. ಸೌದೆ ಹಾಕ್ದೆ ಇದ್ರೆ ಮೈಯನ್ನೇ ಸುಡುತ್ತೆ. ಕಾಯಿಲೆಯವ್ರಿಗೆ ಶಾಸ್ತ್ರದಲ್ಲೇ ವಿನಾಯ್ತಿ ಇದೆ. ಅಂಬಲಿ ಕುಡೀರಿ."

"ಏಕಾದಶಿ ದಿನ ಧಾನ್ಯ ಮುಟ್ಟಿದ್ರೆ ಪಾಪ ಅಲ್ವೇ ಯಜಮಾನ್ರೇ?"

"ಆ ಪಾಪ ನನ್ನ ತಲೆ ಮೇಲಿರ್ಲಿ, ಹೋಗಿ."

ಅಮ್ಮ ಕುಡಿದಳು. ಆಮೇಲೆ ಪ್ರತಿ ವರ್ಷವೂ ಕುಡಿದಳು. ಹೆತ್ತ ಮಗ ಬಡಕೊಂಡಾಗ ಮಾತ್ರ ಅವಳ ಕಿವಿಗೆ ಬಿದ್ದಿರಲಿಲ್ಲ!

ಎರಡು ವರ್ಷದ ಹಿಂದೆ, ಏಕಾದಶಿಯ ಮಧ್ಯಾಹ್ನ, ಶುಂಠಿ ಪುಡಿಗೆ ಹೋದೆ. ಯಜಮಾನರ ತುಟಿ ಒಣಗಿತ್ತು, ತೂಗಿದ್ದನ್ನೇ ಮತ್ತೆ ಮತ್ತೆ ತೂಗುತ್ತಿದ್ದರು. ಪಕ್ಕದ ಹೂವಿನಂಗಡಿಯಾಕೆ ರೇಗಿದರು: "ಇವ್ರಿಗೂ ಶುಗರ್ ಇದೆ. ಬೆಳಿಗ್ಗೆಯಿಂದ ಒಂದ್ ತೊಟ್ಟು ನೀರು ಕುಡಿದಿಲ್ಲ. ನೀವಾದ್ರೂ ಹೇಳ್ರೀ."

ನನಗೆ ಸಿಟ್ಟು ನೆತ್ತಿಗೇರಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರೆ. ಈ ಮನುಷ್ಯ ಊರಿಗೆಲ್ಲ ಬದನೆಕಾಯಿ ಹಂಚಿ ಪುರಾಣವನ್ನು ತಾನು ಇಟ್ಟುಕೊಂಡಿದ್ದರು!

"ನಿಮಗೆ ವಿನಾಯ್ತಿ ಇಲ್ವಾ?"

"ಇದೆ. ಆದ್ರೆ ನಿಮ್ಮಮ್ಮನ ಪಾಪ, ಇನ್ನೂ ಹತ್ತಾರು ಜನರದ್ದು, ತಲೆ ಮೇಲೆ ಹಾಕ್ಕೊಂಡಿದ್ದೀನಲ್ಲ... ಅದನ್ನ ಯಾರ್ರೀ ಕಳೀಬೇಕು?"

ಅದನ್ನು ಬರೀ ಮಾತಿಗೆ ಹೇಳಿದ್ದಾರೆಂದುಕೊಂಡಿದ್ದೆ... ಬೈದೆ, ಬೇಡಿಕೊಂಡೆ, ಎಳನೀರು ತಂದಿಟ್ಟೆ. ಮುಟ್ಟಲಿಲ್ಲ. ಅಮ್ಮನಿಗೆ ಈ ವಿಷಯ ಹೇಳಲೂ ಇಲ್ಲ. ಹೇಳಿದ್ದರೆ ಅವಳು ಅಂಬಲಿ ಬಿಟ್ಟುಬಿಡುತ್ತಿದ್ದಳು.

ಹೋದ ವರ್ಷ ದ್ವಾದಶಿಯ ಬೆಳಿಗ್ಗೆ, ಉಪವಾಸ ಬಿಡುವವರಿಗೆಲ್ಲ ಅಗಸೆ ಸೊಪ್ಪು ಹಂಚುತ್ತ, ತಾವಿನ್ನೂ ಬಾಯಿಗೇನೂ ಹಾಕಿಕೊಳ್ಳದೆ, ಅಂಗಡಿಯಲ್ಲೇ ಕುಸಿದರಂತೆ. ಮತ್ತೆ ಏಳಲಿಲ್ಲ.

ಅವರು ಹೋದಮೇಲೆ ಇದು ಮೊದಲ ವೈಕುಂಠ ಏಕಾದಶಿ. ಬೆಳಿಗ್ಗೆ ಅಮ್ಮ ಲೋಟ ಹಿಡಿದು ಕೂತಳು, ಕುಡಿಯಲಿಲ್ಲ.

"ಅವ್ರಿಲ್ವಲ್ಲೋ. ಈಗ ಪಾಪ ಯಾರ ತಲೆ ಮೇಲೆ?"

"ನನ್ನ ತಲೆ ಮೇಲಿರ್ಲಿ. ಸುಮ್ನೆ ಕುಡಿಯಮ್ಮ."

ಕುಡಿದಳು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆ ಮನುಷ್ಯನ ಮೇಲಿನ ಸಿಟ್ಟೂ ಇಳಿದಿಲ್ಲ, ಅವರಿಲ್ಲವೆಂಬ ಸಂಕಟವೂ ಇಳಿದಿಲ್ಲ. ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ನನಗೆಂದು ಮಾಡಿಕೊಂಡ ಉಪ್ಪಿಟ್ಟು ಪಾತ್ರೆಯಲ್ಲೇ ಇದೆ, ಮುಚ್ಚಳ ಕೂಡ ತೆಗೆದಿಲ್ಲ.