ತೆಗೆಯುವ ಮುಂಚೆ ಒಂದು ಹಾಡು

ಗುಲಾಮ ದಸ್ತಗೀರ ಸಾಬರನ್ನು ನಾನು ಮೊದಲು ನೋಡಿದ್ದು ೧೯೯೭ರಲ್ಲಿ, ಬಿಸಿಲು ಆಗತಾನೇ ಜೋರಾಗುತ್ತಿದ್ದ ದಿನಗಳಲ್ಲಿ, ವಾಡಿಯಲ್ಲಿ. ಅಲ್ಲಿನ ಹೈಸ್ಕೂಲಿಗೆ ಮಾಸ್ತರನಾಗಿ ಸೇರಬೇಕೆಂದು ನನಗೆ ಆದೇಶ ಬಂದಿತ್ತು. ಸೇಡಂನಲ್ಲಿ ನಾನು ಬಾಡಿಗೆಗಿದ್ದ ಕೋಣೆ ವಕೀಲ ರಘುವೀರ ಅವರ ಮನೆಯ ಮೇಲಿನದು. ಅವರಿಗೂ ಅಂದು ವಾಡಿಯಲ್ಲಿ ಕೆಲಸವಿತ್ತು. ಬಸ್ಸಿಗೆ ಯಾಕೆ ಕಾಯುತ್ತೀರಿ ಎಂದು ತಮ್ಮ ಕಾರಿನಲ್ಲೇ ಕೂರಿಸಿಕೊಂಡರು.

ಅದು ಅವರು ಹೈದರಾಬಾದಿನಲ್ಲಿ ಒಬ್ಬ ಅಧಿಕಾರಿಯಿಂದ ಕೊಂಡಿದ್ದ ಹಳೆಯ ಮಾರುತಿ. ಅದರಲ್ಲಿ ಕಾರಿನ ಜೊತೆಗೇ ಬಂದ ಕ್ಯಾಸೆಟ್ ಟೇಪ್ ಇತ್ತು. ಅಂಥದಕ್ಕೆ ನಮ್ಮ ಕಡೆ ಕಂಪನಿ ಸೆಟ್ ಎನ್ನುತ್ತಾರೆ. ಮಳಖೇಡ ದಾಟುವಷ್ಟರಲ್ಲಿ ಹಾಡುವವನ ದನಿ ನಿದ್ದೆಗಣ್ಣಿನ ಮನುಷ್ಯನ ಹಾಗೆ ಎಳೆಯತೊಡಗಿತು. ವಕೀಲರು ಅದನ್ನು ಬಂದ್ ಮಾಡಿ, ಇವತ್ತು ಇದನ್ನು ಕಿತ್ತು ಹೊಸದು ಹಾಕಿಸಿಯೇ ತೀರುತ್ತೇನೆ ಎಂದರು.

ವಾಡಿಯಲ್ಲಿ ಸ್ಟೇಷನ್ ಕಡೆಯಿಂದ ಸಿಮೆಂಟ್ ಫ್ಯಾಕ್ಟರಿಗೆ ಹೋಗುವ ರಸ್ತೆಯ ಪಕ್ಕಕ್ಕೆ ತಗಡಿನ ಅಂಗಡಿಗಳು ಸಾಲಾಗಿದ್ದವು. ತಗಡಿನ ಮೇಲೆ, ಬೇವಿನ ಎಲೆಗಳ ಮೇಲೆ, ನಿಂತ ಲಾರಿಗಳ ಮೇಲೆ ಒಂದೇ ಬೂದಿಬಣ್ಣದ ಧೂಳು. ಒಂದು ಅಂಗಡಿಯ ಮುಂದೆ ಖಾಲಿ ಬ್ಯಾಟರಿಯ ಡಬ್ಬ ಬೋರಲು ಹಾಕಿಕೊಂಡು ಒಬ್ಬರು ಕುಳಿತಿದ್ದರು. ತೆಳ್ಳಗಿನ ಮೈ, ಹಿಂದಕ್ಕೆ ಬಾಚಿದ ಕೂದಲು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಸ್ಕ್ರೂಡ್ರೈವರ್. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಯಾರದೋ ಟೇಪಿನ ಹೆಡ್ ಒರೆಸುತ್ತಿದ್ದರು. ನಮ್ಮನ್ನು ನೋಡಿ ಒಂದು ಬೆರಳೆತ್ತಿ ತಡೆಯಿರಿ ಎಂದರು. ಕೆಲಸ ಮುಗಿಸಿ, ಕೈ ಒರೆಸಿಕೊಂಡ ಮೇಲೆಯೇ ಎದ್ದು ಸಲಾಂ ಹೇಳಿದ್ದು.

ವಕೀಲರು ಟೇಪ್ ತೆಗೆಯಲು ಹೇಳಿದರು. ಸಾಬರು ತೆಗೆಯಲಿಲ್ಲ. ನಿಮಗೆ ಮನಸ್ಸಿಗೆ ಹಿಡಿಸಿದ ಕ್ಯಾಸೆಟ್ ಯಾವುದು ಎಂದು ಕೇಳಿ ಅದನ್ನು ಹಾಕಿ, ನಮ್ಮಿಬ್ಬರನ್ನೂ ಕಾರಿನೊಳಗೆ ಕೂರಿಸಿದರು.

"ತೆಗಿಯೂ ಮುಂಚೆ ಒಂದ್ ಹಾಡ ಪೂರಾ ಕೇಳ್ರಿ ಸಾಹೇಬ್ರ. ಇಷ್ಟ್ ವರ್ಷ ಹಾಡೇದ. ಹಂಗೇ ವಯರ್ ಕತ್ತರಿಸಿದ್ರ ಸರಿ ಅನಸಂಗಿಲ್ಲ."

ನನಗೆ ಟೈಮಿಲ್ಲ ಎಂದು ವಕೀಲರು ಗಡಿಯಾರ ನೋಡಿಕೊಂಡರು. ಪಕ್ಕದ ಅಂಗಡಿಯಲ್ಲಿ ಹಣೆತುಂಬ ವಿಭೂತಿ ಧರಿಸಿ ಸೀಟ್ ಕವರ್ ಹೊಲಿಯುತ್ತಿದ್ದ ಮಡಿವಾಳಯ್ಯ ಹೊಲಿಗೆ ನಿಲ್ಲಿಸಿ ಇತ್ತ ಬಾಗಿದರು.

"ವಕೀಲ ಸಾಹೇಬ್ರ, ನಿಮ್ ಕೋರ್ಟಿನಾಗ ಆರೋಪಿ ಮಾತ ಕೇಳದೇ ಶಿಕ್ಷಾ ಕೊಡ್ತಾರೇನ್ರಿ?"

ವಕೀಲರು ನಕ್ಕು ಸೀಟಿಗೆ ಒರಗಿದರು. ಹಾಡು ಶುರುವಾಯಿತು. ದಸ್ತಗೀರ ಸಾಬರು ಕಾರಿನ ಹೊರಗೆ ಕಿಟಕಿಯ ಬಳಿ ತಲೆ ಬಾಗಿಸಿ ನಿಂತರು. ಹಾಡು ಮುಗಿಯುವವರೆಗೆ ಅವರು ಕಣ್ಣು ತೆರೆಯಲಿಲ್ಲ, ಮಡಿವಾಳಯ್ಯನವರು ಮಶೀನು ತುಳಿಯಲಿಲ್ಲ. ಮುಗಿದ ಮೇಲೆ ಸಾಬರು ಹೇಳಿದರು: ಸೆಟ್ ಚೆನ್ನಾಗಿದೆ, ಒಳಗಿನ ಬೆಲ್ಟ್ ಸಡಿಲಾಗಿದೆ, ಎಡಬದಿಯ ಸ್ಪೀಕರಿನ ಕಾಗದ ಹರಿದಿದೆ. ಎರಡನ್ನೂ ಬದಲಿಸಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಬಾಗಿಲು ಬಿಚ್ಚಿ ನೋಡಿದಾಗ ಸ್ಪೀಕರ್ ಹಾಗೆಯೇ ಹರಿದಿತ್ತು. ಹೊಸ ಸೆಟ್ ಮಾರುವ ಅವಕಾಶ ಬಿಟ್ಟು ಅವರು ಹಳೆಯದನ್ನೇ ಸರಿಮಾಡಿ ಕೊಟ್ಟರು. ವಾಪಸು ಬರುವಾಗ ವಕೀಲರು ದಾರಿಯುದ್ದಕ್ಕೂ ಹಾಡಿನ ಜೊತೆ ತಾವೂ ಗುನುಗುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಸೇಡಂ ಬಸ್ಸಿಗೆ ಕಾಯಲು ನನಗೆ ಆ ಅಂಗಡಿಯ ಬೆಂಚೇ ಜಾಗವಾಯಿತು. ಸಾಬರ ಹಿಂದಿನ ಜೀವನ ತಿಳಿದದ್ದು ಅಲ್ಲಿ ಕುಳಿತೇ. ಅವರ ಊರು ರಾವೂರ. ತಂದೆ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದರು. ಮಗ ಗಣಿಗೆ ಇಳಿಯಬಾರದೆಂದು ಹೈದರಾಬಾದಿನಲ್ಲಿ ಒಂದು ರೇಡಿಯೊ ಅಂಗಡಿಗೆ ಕೆಲಸಕ್ಕೆ ಬಿಟ್ಟರಂತೆ. ಅಲ್ಲಿ ಕಲಿತು ಬಂದು, ಮೆಹತಾಬ್ ಅವರನ್ನು ಮದುವೆಯಾಗಿ, ವಾಡಿಯಲ್ಲಿ ಅಂಗಡಿ ಹಾಕಿದರು. ತೆಗೆಯುವ ಮುಂಚೆ ಒಂದು ಹಾಡು ಕೇಳಿಸುವ ಪದ್ಧತಿ ಯಾರಿಂದಲೂ ಕಲಿತದ್ದಲ್ಲ, ಅವರದೇ. ಶಹಾಬಾದ, ಚಿತ್ತಾಪುರಗಳಿಂದ ಬರುವ ಡ್ರೈವರುಗಳೂ ಅದಕ್ಕೆ ಒಗ್ಗಿಹೋಗಿದ್ದರು. ಬೀಡಿ ಆರಿಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟು, ನಿಂತ ಗಾಡಿಯಲ್ಲೇ ಎಲ್ಲಿಗೋ ಹೋಗುತ್ತಿರುವವರಂತೆ ಕುಳಿತು ಕೇಳುತ್ತಿದ್ದರು. ಒಮ್ಮೆ ಚಿಂಚೋಳಿಯ ಒಬ್ಬ ಟ್ಯಾಕ್ಸಿಯವನು ಹಾಡು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಹಳೆಯ ಸೆಟ್ ಇರಲಿ ಬಿಡಿ ಎಂದು ಹಾಗೇ ಹೋಗಿಬಿಟ್ಟ. ಹಿಂಗಾದ್ರ ನೀ ಉಪವಾಸ ಸಾಯ್ತಿ ಎಂದು ಮಡಿವಾಳಯ್ಯ ರೇಗಿಸಿದ್ದರು.

ಉಪವಾಸ ಬೀಳದಂತೆ ಕಾಯುತ್ತಿದ್ದದ್ದು ಹಾರ್ನಿನ ಕೆಲಸ. ಸಿಮೆಂಟ್ ಸಾಗಿಸುವ ಲಾರಿಗಳಿಗೆ ದೊಡ್ಡ ಗಾಳಿ ಹಾರ್ನ್ ಕೂಡಿಸುವುದು, ಕೆಟ್ಟದ್ದನ್ನು ಸರಿಮಾಡುವುದು. ಸಾಬರು ಲಾರಿಯ ಮುಂಭಾಗದಲ್ಲಿ ತಲೆ ತೂರಿಸಿ ಹಾರ್ನಿನ ಪಕ್ಕದಲ್ಲೇ ಕಿವಿಯಿಟ್ಟು, ಒತ್ತು ಎಂದು ಕೈಮಾಡುವರು. ಡ್ರೈವರ್ ಒತ್ತುವನು. ಬೆಂಚಿನ ಮೇಲೆ ಕುಳಿತ ನನಗೇ ಹಲ್ಲು ಜುಮ್ಮೆನ್ನುತ್ತಿತ್ತು. ಅವರು ತಿರುಪು ತಿರುಗಿಸಿ ಮತ್ತೆ ಒತ್ತಿಸುವರು. ದಿನವೂ ಅದೇ.

ಅವರಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ೨೦೦೩ರಲ್ಲಿ. ಅಷ್ಟು ತಡವಾಗಲು ಕಾರಣವಿದೆ. ಲಾರಿಗಳ ಸದ್ದಿನಲ್ಲಿ ಆ ರಸ್ತೆಯಲ್ಲಿ ಎಲ್ಲರೂ ಮುಖ ನೋಡಿಕೊಂಡು ಕೂಗಿಯೇ ಮಾತಾಡುತ್ತಿದ್ದರು. ಒಂದು ಸಂಜೆ ಗಿರಾಕಿಯೊಬ್ಬನ ಹಾಡು ಮುಗಿಯಿತು. ಸಾಬರು ಅಂಗೈಯನ್ನು ಗಾಡಿಯ ಬಾಗಿಲ ಮೇಲಿಟ್ಟುಕೊಂಡು ನಿಂತೇ ಇದ್ದರು. ಹಾಡಿನ ಹೊತ್ತಿಗೆ ನಿಲ್ಲಿಸಿದ್ದ ಮಶೀನನ್ನು ಮಡಿವಾಳಯ್ಯ ಮತ್ತೆ ತುಳಿಯತೊಡಗಿದರು. ಆ ಗಾಲಿ ತಿರುಗುವುದನ್ನು ಕಂಡಮೇಲೆ ಸಾಬರು ಕೈ ತೆಗೆದು ಟೇಪ್ ಬಂದ್ ಮಾಡಿದರು. ಮರುದಿನವೂ ಗಮನಿಸಿದೆ. ಗಾಲಿ ತಿರುಗುವವರೆಗೆ ಅವರಿಗೆ ಹಾಡು ಮುಗಿಯುತ್ತಿರಲಿಲ್ಲ. ಡೋಲು, ತಬಲಾ ಇದ್ದ ಹಾಡಾದರೆ ಬಾಗಿಲಿನ ನಡುಕ ಅಂಗೈಗೆ ತಿಳಿಯುತ್ತಿತ್ತು. ಸ್ಪೀಕರ್ ಪರೀಕ್ಷೆಯನ್ನೂ ಹಾಗೇ ಮಾಡುತ್ತಿದ್ದರು. ಉಳಿದದ್ದನ್ನು ಮಡಿವಾಳಯ್ಯ ಕೇಳಿಸಿಕೊಂಡು, ಗಿರಾಕಿ ಅತ್ತ ತಿರುಗಿದಾಗ ಕೈಸನ್ನೆಯಲ್ಲಿ ಹೇಳುತ್ತಿದ್ದರು.

ನಾನು ನೋಡುತ್ತಿರುವುದು ಮಡಿವಾಳಯ್ಯನವರಿಗೆ ತಿಳಿಯಿತು. ಸಾಬರು ಚಹಾ ತರಲು ಹೋದಾಗ ನನ್ನ ಪಕ್ಕ ಬಂದು ಕುಳಿತರು.

"ಯಾರಿಗೂ ಹೇಳಬ್ಯಾಡ್ರಿ ಮಾಸ್ತರ್. ಕಿವಿ ಇಲ್ದವನ ಕೈಲೆ ಟೇಪ್ ಕೂಡಿಸ್ಕೊಳ್ಳಾಕ ಯಾರ್ ಬರ್ತಾರ? ಅಂಗಡಿ ಮುಚ್ಚಿದ್ರ ಅವ ಉಳಿಯಂಗಿಲ್ಲ."

ನಾನು ಹೇಳಲಿಲ್ಲ. ಆದರೆ ಸಾಬರನ್ನು ಒಪ್ಪಿಸಿ ಗುಲ್ಬರ್ಗಾದ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದೆ, ಮೆಹತಾಬ್ ಅವರೂ ಬಂದಿದ್ದರು. ಒಳಗಿನ ನರ ಸತ್ತಿದೆ, ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಕಿವಿಗೆ ಒಂದು ಮಶೀನ್ ಬರೆದುಕೊಟ್ಟರು. ಹಾರ್ನಿನ ಕೆಲಸ ಬಿಡಲೇಬೇಕೆಂದೂ ಹೇಳಿದರು. ಸಾಬರು ಹಾರ್ನ್ ಬಿಟ್ಟರು. ಮಶೀನನ್ನು ಕೆಲವು ದಿನ ಮನೆಯಲ್ಲಿ ಹಾಕಿಕೊಂಡು ನೋಡಿದರು. ಮಾತು ತುಸು ತಿಳಿಯುತ್ತಿತ್ತು. ಹಾಡು ಮಾತ್ರ ತಗಡಿನ ಮೇಲೆ ಕಲ್ಲು ಸುರಿದಂತೆ ಆಗುತ್ತಿತ್ತಂತೆ. ಅಂಗಡಿಯಲ್ಲಿ ಅದನ್ನು ಹಾಕಿಕೊಂಡರೆ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಅದು ಜೇಬಿನಲ್ಲೇ ಉಳಿಯಿತು.

ಹೀಗೆ ಇಬ್ಬರೂ ಸೇರಿ ಒಂದು ಅಂಗಡಿ ನಡೆಸಿದರು. ಜಗಳವೂ ಇತ್ತು. ನನ್ ಕಿವಿಗೆ ಬಾಡಿಗಿ ಕೊಡು ಎಂದು ಮಡಿವಾಳಯ್ಯ ಕೇಳುವರು. ನಿನ್ನ ಕಿವಿಗೆ ತಾಳ ಯಾವುದು ಮೇಳ ಯಾವುದು ತಿಳಿಯುವುದಿಲ್ಲ, ನಾನೇ ನಿನಗೆ ಕಲಿಸಿದ ಫೀ ಬರಬೇಕು ಎಂದು ಸಾಬರು ಉತ್ತರ ಕೊಡುವರು. ೨೦೦೫ರ ಮಳೆಗಾಲದಲ್ಲಿ ಮಡಿವಾಳಯ್ಯ ಎದೆನೋವಿನಿಂದ ತೀರಿಕೊಂಡರು. ಮಶೀನಿನ ಮುಂದೆ ಕುಳಿತಲ್ಲೇ ಪಕ್ಕಕ್ಕೆ ವಾಲಿದ್ದರಂತೆ. ಮಣ್ಣಿಗೆ ನಾನೂ ಹೋಗಿದ್ದೆ. ಸಾಬರು ಎಲ್ಲರಿಗಿಂತ ಹಿಂದೆ ನಿಂತು, ಭಜನೆಯವರ ತಾಳಗಳು ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದರು.

ಸಾಬರು ತಮ್ಮ ಅಂಗಡಿ ಮತ್ತೆ ತೆರೆದಾಗ ನಾನು ಅವರಿಗೆ ಒಂದು ಮಾತು ಹೇಳಿದೆ. ಹಾಡು ಕೇಳಿಸುವ ಪದ್ಧತಿ ಬಿಟ್ಟುಬಿಡಿ, ಬಂದ ಗಾಡಿಯ ಸೆಟ್ ತೆಗೆಯಿರಿ, ಹೊಸದು ಕೂಡಿಸಿರಿ, ಸದ್ದು ಬರುತ್ತದೋ ಇಲ್ಲವೋ ಗಿರಾಕಿಯೇ ಹೇಳುತ್ತಾನೆ, ಯಾರಿಗೂ ತಿಳಿಯುವುದಿಲ್ಲ. ನನ್ನ ತುಟಿಗಳನ್ನು ನೋಡುತ್ತ ಪೂರ್ತಿ ಕೇಳಿಕೊಂಡರು.

"ಅದೊಂದ್ ಬಿಟ್ರ ಇದು ಬರೇ ವಯರ್ ಜೋಡ್ಸೂ ಕೆಲಸ ಆಗ್ತದ್ರಿ ಮಾಸ್ತರ್," ಎಂದರು.

ದಸರೆಯ ರಜೆ ಮುಗಿದ ಮೇಲೆ ರಘುವೀರ ವಕೀಲರು ಅದೇ ಕಾರನ್ನು ತಂದರು. ಕ್ಯಾಸೆಟ್‌ಗಳ ಕಾಲ ಹೋಗಿ ಸಿ.ಡಿ. ಬಂದಿತ್ತು. ಕಂಪನಿ ಸೆಟ್ ತೆಗೆದು ಸಿ.ಡಿ. ಸೆಟ್ ಹಾಕಿಸಬೇಕಿತ್ತು. ಅವರ ತಾಯಿ ಅನಸೂಯಾಬಾಯಿಯವರೂ ಹಿಂದಿನ ಸೀಟಿನಲ್ಲಿದ್ದರು. ಶಾಲೆ ಬಿಟ್ಟು ಬಂದ ನಾನು ಆಗಲೇ ಬೆಂಚಿನ ಮೇಲಿದ್ದೆ.

ಈ ಸಲ ವಕೀಲರು ಗಡಿಯಾರ ನೋಡಲಿಲ್ಲ. ಮೊದಲು ಹಾಡು, ಗೊತ್ತದ ನನಗ, ಎಂದು ತಾವೇ ನಗುತ್ತ ತಾಯಿಯನ್ನು ಕೇಳಿ ಕ್ಯಾಸೆಟ್ ಹಾಕಿದರು. ಅದು ದಾಸರ ಪದ. ಮುಪ್ಪಿನ ಹೆಂಗಸೊಬ್ಬಳು ಹಾಡಿದ್ದು, ಹಿಂದೆ ತಂಬೂರಿ ಬಿಟ್ಟರೆ ಬೇರೇನೂ ಇಲ್ಲ. ದಸ್ತಗೀರ ಸಾಬರು ಬಾಗಿಲ ಮೇಲೆ ಅಂಗೈಯಿಟ್ಟು ತಲೆ ಬಾಗಿಸಿದರು.

ಪದ ಮುಗಿಯಿತು. ಆ ಬದಿಯ ಕೊನೆಯ ಹಾಡು ಅದೇ ಇರಬೇಕು. ಟೇಪ್ ಸುಮ್ಮನೆ ಸುಯ್‌ಗುಟ್ಟುತ್ತ ಓಡಿ, ಟಕ್ಕೆಂದು ತಾನೇ ನಿಂತಿತು. ಸಾಬರು ಅಲುಗಲಿಲ್ಲ. ಎದ್ದು ಹೋಗಿ ಅವರ ಭುಜ ಮುಟ್ಟಬೇಕೆನಿಸಿತು. ಮುಟ್ಟಿದರೆ ಎಲ್ಲ ಬಯಲಾಗುತ್ತದೆ ಎಂದು ಕುಳಿತೆ. ಅನಸೂಯಾಬಾಯಿಯವರು ಇದೂ ಪದ್ಧತಿಯ ಒಂದು ಭಾಗವಿರಬೇಕೆಂದು ಕೈಮುಗಿದುಕೊಂಡೇ ಕಾದರು. ವಕೀಲರು ಕಾರಿನಿಂದ ಇಳಿದು ಬಂದು ಅವರ ಹಿಂದಿನಿಂದ, ಸಾಬ್, ಇನ್ ತೆಗೀರಿ, ಎಂದರು. ಮತ್ತೊಮ್ಮೆ ಕರೆದರು. ಆಮೇಲೆ ನನ್ನ ಮುಖ ನೋಡಿದರು.

ಸಾಬರು ಆಗ ಕಣ್ಣು ತೆರೆದು, ರೂಢಿಯಂತೆ ಪಕ್ಕದ ಅಂಗಡಿಯ ಕಡೆ ತಿರುಗಿದರು. ಅಲ್ಲಿ ಬಾಗಿಲು ಹಾಕಿ ಬೀಗ ಜಡಿದಿತ್ತು. ಅವರ ಕೈ ಕಾರಿನ ಬಾಗಿಲಿನಿಂದ ನಿಧಾನವಾಗಿ ಜಾರಿತು.

ಅನಸೂಯಾಬಾಯಿಯವರಿಗೆ ಮಗನಿಗಿಂತ ಮೊದಲೇ ತಿಳಿಯಿತು. ಕಿಟಕಿಯಿಂದ ಕೈ ಹೊರಹಾಕಿ ಅವರ ತೋಳು ಮುಟ್ಟಿ, ತಮ್ಮತ್ತ ತಿರುಗಿಸಿಕೊಂಡು, ತುಟಿ ಬಿಡಿಸಿ ಹೇಳಿದರು.

"ಮುಗೀತಪ್ಪಾ, ಹಾಡು."

"ಮುಗದು ಭಾಳ ಹೊತ್ತಾತೇನ್ರಿ ಅವ್ವಾ?"

ಅನಸೂಯಾಬಾಯಿಯವರು ಅವರ ತೋಳನ್ನು ಮೆಲ್ಲನೆ ತಟ್ಟಿದರು.

ಸಾಬರು ಕೆಲಸ ನಿಲ್ಲಿಸಲಿಲ್ಲ. ಹಳೆಯ ಸೆಟ್ಟಿನ ಸುತ್ತಲಿನ ಪಟ್ಟಿಯನ್ನು ಗೀರು ಬೀಳದಂತೆ ಬಿಡಿಸಿದರು. ವಯರುಗಳನ್ನು ಒಂದೊಂದಾಗಿ ಬಣ್ಣ ನೋಡಿ ಕತ್ತರಿಸಿ, ಹೊಸದಕ್ಕೆ ಜೋಡಿಸಿ, ಮೇಲೆ ಅಂಟುಪಟ್ಟಿ ಸುತ್ತಿದರು. ಹೊಸ ಸೆಟ್ ಗಾತ್ರದಲ್ಲಿ ಸಣ್ಣದು. ಸುತ್ತ ಉಳಿದ ಸಂದಿಗೆ ತೆಳು ತಗಡು ಕತ್ತರಿಸಿ, ಅಂಚು ಉಜ್ಜಿ, ಕಪ್ಪು ಬಣ್ಣ ಹಚ್ಚಿ ಕೂಡಿಸಿದರು. ಕಾರಿನ ಜೊತೆಯೇ ಹುಟ್ಟಿದ್ದೇನೋ ಅನ್ನಿಸುವಂತಿತ್ತು. ನಂತರ ವಕೀಲರ ಎದುರಿಗೆ ನಿಂತರು.

"ವಯರ್ ಎಲ್ಲಾ ಸರಿ ಅದಾವ್ರಿ. ಧ್ವನಿ ಹೆಂಗದ ಅಂತ ಬ್ಯಾರೇದವ್ರಿಗಿ ತೋರಿಸ್ರಿ. ನಂದು ಕಿವಿ ಹೋಗ್ಯಾವ."

ಆ ಮಾತನ್ನು ಅವರು ಒಬ್ಬ ಗಿರಾಕಿಗೆ ಹೇಳಿದ್ದು ಅದೇ ಮೊದಲು. ಧ್ವನಿ ಎಡಕ್ಕೂ ಬಲಕ್ಕೂ ಸ್ವಚ್ಛವಾಗಿತ್ತು. ನಾನು ಹೇಳಿದೆ, ವಕೀಲರೂ ಹೇಳಿದರು. ಸಾಬರು ನಮ್ಮ ತುಟಿ ನೋಡಿ ತಲೆಯಾಡಿಸಿದರು. ನಾವು ಮನಸ್ಸು ನೋಯಿಸಬಾರದೆಂದು ಹಾಗೆ ಹೇಳುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿತ್ತೆಂದು ಕಾಣುತ್ತದೆ.

ರಘುವೀರ ವಕೀಲರು ಕೆಟ್ಟವರಲ್ಲ. ಸೇಡಂನ ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಅವರು ಇದನ್ನು ಹೇಳಿದ್ದು ಮೆಚ್ಚುಗೆಯಿಂದಲೇ. ಪಾಪ, ಕಿವಿ ಕೇಳಿಸುವುದಿಲ್ಲ, ಆದರೂ ಎಂಥ ಕೈ ಆ ಮನುಷ್ಯನದು ಎಂದು ಬಂದವರಿಗೆಲ್ಲ ಕಾರಿನ ಬಾಗಿಲು ತೆರೆದು ತೋರಿಸುತ್ತಿದ್ದರು. ಕೇಳಿದವರು ಮೊದಲರ್ಧವನ್ನಷ್ಟೇ ಹೊತ್ತುಕೊಂಡು ಹೋದರು. ಚಳಿಗಾಲದ ಹೊತ್ತಿಗೆ ಶಹಾಬಾದದ ಟ್ಯಾಕ್ಸಿಯವರು ಬರುವುದು ನಿಂತಿತು. ಚಿತ್ತಾಪುರದವರು ಗುಲ್ಬರ್ಗಾಕ್ಕೆ ಹೋಗತೊಡಗಿದರು. ಬೈದವರು ಯಾರೂ ಇಲ್ಲ. ಹಳೆಯ ಗಿರಾಕಿಗಳು ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿ, ಕೈಯೆತ್ತಿ ಸಲಾಂ ಹೇಳಿ ಮುಂದೆ ಹೋಗುತ್ತಿದ್ದರು. ಸಾಬರೂ ಕೈಯೆತ್ತುತ್ತಿದ್ದರು.

ನಾನು ಬಸ್ಸಿಗೆ ಕಾಯುವುದು ಅಲ್ಲಿಯೇ ಇತ್ತು. ಸಾಬರ ಮಾತು ಕಡಿಮೆಯಾಗಿತ್ತು. ಬಿಚ್ಚಿದ ಹಳೆಯ ಸೆಟ್ಟುಗಳನ್ನು ಮುಂದಿಟ್ಟುಕೊಂಡು ಹೆಡ್ ಒರೆಸುತ್ತಿದ್ದರು, ಅವುಗಳನ್ನು ಕೇಳುವವರು ಯಾರೂ ಇರಲಿಲ್ಲ. ಒಂದು ದಿನ ಮೆಹತಾಬ್ ಅವರು ಊಟದ ಡಬ್ಬಿ ತಂದವರು ವಾಪಸು ಹೋಗದೆ ನನ್ನ ಹತ್ತಿರ ನಿಂತರು. ಸಾಬರು ಮನೆಯಲ್ಲಿ ರೇಡಿಯೊ ಹಚ್ಚಲು ಬಿಡುವುದಿಲ್ಲ, ಹಚ್ಚಿದ್ದು ಹೇಗೆ ತಿಳಿಯುತ್ತದೋ, ತಮ್ಮ ಮುಖ ನೋಡಿಯೇ ಕಂಡುಹಿಡಿದು ಬಂದ್ ಮಾಡುತ್ತಾರೆ ಎಂದರು.

ಮುಂದಿನ ರಂಜಾನ್ ಮುಗಿದ ಮೇಲೆ ಸಾಬರು ವಾಡಿಯ ಅಂಗಡಿ ಬಿಟ್ಟುಕೊಟ್ಟರು. ಅಲ್ಲೀಗ ಮೊಬೈಲ್ ರಿಪೇರಿಯವನಿದ್ದಾನೆ. ಮೆಹತಾಬ್ ಅವರ ಅಣ್ಣ ಹಾಜಿಮಲಂಗ್ ಅವರದು ಚಿತ್ತಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಗುಲಾಮ ದಸ್ತಗೀರ ಸಾಬರು ಈಗ ಆ ಅಂಗಡಿಯಲ್ಲಿ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಾರೆ.